ಸ್ಲೀವ್ ಸರ್ಜರಿ ಆಗಿ 29 ದಿನ, "ಸಾಫ್ಟ್ ತಿನ್ನಿ" ಅಂದಿದಾರೆ. ಮುದ್ದೆ ಸಾಫ್ಟ್ ಅಲ್ವಾ?

ಮದ್ದೂರ್_ಸೊಸೆ

ಎಲ್ರಿಗೂ ನಮಸ್ಕಾರ. ಸ್ಲೀವ್ (ತೂಕ ಇಳಿಸೋಕೆ ಹೊಟ್ಟೆ ಚಿಕ್ಕದು ಮಾಡೋ ಸರ್ಜರಿ) ಆಗಿ ಇವತ್ತಿಗೆ 29 ದಿನ. ಮೊದಲ್ನೇ ಎರಡು ವಾರ ಬರೀ ಕುಡಿಯೋದು, ಆಮೇಲೆ ಎರಡು ವಾರ ಎಲ್ಲಾನೂ ಮಿಕ್ಸಿಗೆ ಹಾಕಿ ನುಣ್ಣಗೆ ಮಾಡ್ಕೊಂಡು ತಿನ್ನೋದು, ಅದೆಲ್ಲ ಹೆಂಗೋ ಆಯ್ತು, ಈ ಸೋಮವಾರದಿಂದ ಸಾಫ್ಟ್ ಫುಡ್ ಶುರು ಮಾಡಿ ಅಂದ್ರು. ಚಾರ್ಟ್ ಕೊಟ್ಟಿದಾರೆ ಆದ್ರೆ ಅದರಲ್ಲಿರೋದು ದಲಿಯಾ, ಖಿಚಡಿ, ಟೋಫು, ಮ್ಯಾಶ್ಡ್ ಪೊಟ್ಯಾಟೊ. ನಮ್ಮನೇಲಿ ಯಾರೂ ದಲಿಯಾ ಮುಖಾನೇ ನೋಡಿಲ್ಲ.

ಸರಿ ಇಡ್ಲಿ ಮೆತ್ತಗಿರುತ್ತಲ್ಲ ಅಂತ ಸೋಮವಾರ ಬೆಳಿಗ್ಗೆ ಅರ್ಧ ಇಡ್ಲಿ ತಿಂದೆ, ಚಟ್ನಿ ಜೊತೆ, ಮಗು ಸ್ಕೂಲ್ ವ್ಯಾನ್ ಬರೋ ಟೈಮು ಬೇರೆ, ಎರಡು ನಿಮಿಷದಲ್ಲಿ ಮುಗಿಸಿದೆ. ಎದೆ ಮಧ್ಯದಲ್ಲಿ ಕಲ್ಲು ಕೂತಂಗಾಯ್ತು. ಅರ್ಧ ಗಂಟೆ ಬಾಯಲ್ಲಿ ನೊರೆ ನೊರೆ ಎಂಜಲು, ಸಿಂಕ್ ಹತ್ರಾನೇ ನಿಂತಿದ್ದೆ. ಅವತ್ತಿಂದ ಭಯ ಆಗಿ ಮತ್ತೆ ಅಂಬ್ಲಿಗೇ ವಾಪಸ್ ಹೋಗಿದೀನಿ.

ನಮ್ಮತ್ತೆ ಹೇಳ್ತಾರೆ "ಮುದ್ದೆಗಿಂತ ಮೆತ್ತಗಿರೋದು ಯಾವ್ದಿದೆ, ಅಗಿಯೋದೇ ಬೇಡ, ಸಾರಲ್ಲಿ ಅದ್ದಿ ನುಂಗು" ಅಂತ. ಕೇಳೋಕೆ ಸರಿ ಅನ್ಸುತ್ತೆ, ಆದ್ರೆ ಇಡ್ಲಿನೇ ಹಿಂಗಾದ್ಮೇಲೆ ಧೈರ್ಯ ಬರ್ತಿಲ್ಲ. ನಮ್ಮ ಅಡುಗೆಲಿ ಏನೇನು ತಿಂದ್ರಿ ನೀವೆಲ್ಲ? ಹೊಟ್ಟೆ ತುಂಬಿತು ಅಂತ ಹೆಂಗೆ ಗೊತ್ತಾಗುತ್ತೆ? ನಂಗೆ ಹಸಿವೂ ಇಲ್ಲ, ತುಂಬಿದ್ದೂ ತಿಳಿಯಲ್ಲ.

ಹಾಸನ_ಸ್ಲೀವ್_3ವರ್ಷ

ಮುದ್ದೆ ಬೇಡಮ್ಮ! ಅತ್ತೆಯವ್ರು ಪ್ರೀತಿಗೇ ಹೇಳಿರೋದು, ಆದ್ರೆ ಅವರು ಹೇಳಿದ ಕಾರಣಕ್ಕೇ ಮುದ್ದೆ ಬೇಡ ಅನ್ನೋದು. ನುಂಗೋ ಊಟ ನಮಗೀಗ ಆಗಲ್ಲ. ಮೊದಲು ಮುದ್ದೆ ತುತ್ತು ಗಂಟ್ಲಲ್ಲಿ ಜಾರಿ ದೊಡ್ಡ ಹೊಟ್ಟೆಗೆ ಬೀಳ್ತಿತ್ತು, ಹೊಟ್ಟೆ ಅದನ್ನ ಅರಗಿಸ್ತಿತ್ತು. ಈಗ ಮುಕ್ಕಾಲು ಭಾಗ ಹೊಟ್ಟೆ ತೆಗೆದಿದಾರೆ, ಉಳಿದಿರೋದು ಬಾಳೆಹಣ್ಣಿನ ಥರ ಒಂದು ಕೊಳವೆ, ಒಳಗಿನ ಹೊಲಿಗೆ ಇನ್ನೂ ಮಾಯ್ತಾ ಇದೆ. ಅಂಟು ಉಂಡೆ ಹೋಗಿ ಅಲ್ಲಿ ಕೂತ್ರೆ ನಿಮ್ಮ ಇಡ್ಲಿ ಕಥೆನೇ ಹತ್ತು ಪಟ್ಟು.

ನಾನು ಇದನ್ನ ಓದಿ ತಿಳ್ಕೊಂಡಿದ್ದಲ್ಲ, ತಿಂದು ತಿಳ್ಕೊಂಡಿದ್ದು. ಆರನೇ ವಾರ, ಅವರೆಕಾಯಿ ಸೀಸನ್, ಮನೇಲಿ ಹಿತಕಬೇಳೆ ಸಾರು, ಒಂದೇ ಒಂದು ನಿಂಬೆಹಣ್ಣು ಗಾತ್ರದ ಮುದ್ದೆ ಅಂದ್ಕೊಂಡು ನುಂಗಿದೆ. ಸಾಯಂಕಾಲದ ತನಕ ನೀರು ಕೂಡ ಇಳೀಲಿಲ್ಲ. ಅವತ್ತು ಹಿತಕಬೇಳೆ ಸಾರು ಮಾತ್ರ ಕುಡಿದಿದ್ರೆ ಏನೂ ಆಗ್ತಿರ್ಲಿಲ್ಲ.

ನಮ್ಮ ಕಡೆ ಮೆತ್ತಗಿರೋದರಲ್ಲೇ ಎರಡು ಜಾತಿ ಇದೆ ನೋಡಿ. ಬೆರಳಲ್ಲಿ ಒತ್ತಿದ್ರೆ ಪುಡಿಯಾಗಿ ಹರಡೋದು ಒಂದು, ಒತ್ತಿದ್ರೆ ಮತ್ತೆ ಉಂಡೆ ಆಗೋದು ಇನ್ನೊಂದು. ಮುದ್ದೆ, ಬಿಸಿ ಅನ್ನ, ಚಪಾತಿ, ಬ್ರೆಡ್ಡು, ಉಪ್ಪಿಟ್ಟು ಎಲ್ಲ ಎರಡನೇ ಜಾತಿ. ಇಡ್ಲಿ ಕೂಡ ಸರಿಯಾಗಿ ಅಗೀದೆ ನುಂಗಿದ್ರೆ ಅದೇ ಗುಂಪು. ನಾನು ಶುರು ಮಾಡಿದ್ದು ಹೆಸರುಬೇಳೆ ತೊವ್ವೆ, ಮೆತ್ತಗೆ ಬೆಂದ ಸೀಮೆಬದನೆ, ಸಿಪ್ಪೆ ಬೀಜ ತೆಗೆದ ಸೋರೆಕಾಯಿ, ಬಟ್ಟೇಲಿ ಕಟ್ಟಿ ನೀರು ಇಳಿಸಿದ ಮೊಸರು, ಮನೇಲೇ ಹಾಲು ಒಡೆಸಿದ ಪನ್ನೀರು. ಮೊಟ್ಟೆ ತಿನ್ನೋರಾದ್ರೆ ಗಟ್ಟಿ ಆಮ್ಲೆಟ್ ಅಲ್ಲ, ಸ್ವಲ್ಪ ಹಾಲು ಹಾಕಿ ಸಣ್ಣ ಉರೀಲಿ ಕೆದಕಿದ್ದು. ಬಸ್ಸಾರಿನ ಕಟ್ಟು ಓಕೆ, ಸೊಪ್ಪಿನ ಪಲ್ಯ ಈಗ್ಲೇ ಬೇಡ, ನಾರು ಸಿಕ್ಕೊಳ್ಳುತ್ತೆ.

ಡಯಟ್_ಅಕ್ಕ

ಬ್ಯಾರಿಯಾಟ್ರಿಕ್ (ತೂಕ ಇಳಿಸೋ ಸರ್ಜರಿ) ವಾರ್ಡ್‌ನಲ್ಲಿ ಡಯಟೀಶಿಯನ್ ಆಗಿ ಕೆಲ್ಸ ಮಾಡ್ತೀನಿ, ಆದ್ರೆ ನಿಮ್ಮ ರಿಪೋರ್ಟ್ ನೋಡಿಲ್ಲ, ಸೋ ನಿಮ್ಮ ಟೀಮ್ ಹೇಳಿದ್ದೇ ಫೈನಲ್. ನೊರೆ ಬಂದಿದ್ದನ್ನ ಅವರಿಗೆ ಫೋನ್ ಮಾಡಿ ಹೇಳಿ, ಸುಮ್ನಿರಬೇಡಿ.

ಹಸಿವು ಇಲ್ಲ ಅಂದ್ರಲ್ಲ, ಅದಕ್ಕೆ ಕಾರಣ ಇದೆ. ಹಸಿವು ಹುಟ್ಟಿಸೋ ಗ್ರೆಲಿನ್ ಹಾರ್ಮೋನ್ ಜಾಸ್ತಿ ತಯಾರಾಗೋದೇ ಹೊಟ್ಟೆಯ ಮೇಲ್ಭಾಗದಲ್ಲಿ, ಸ್ಲೀವ್‌ನಲ್ಲಿ ಅದೇ ಭಾಗ ತೆಗೀತಾರೆ. ಹಾಗಾಗಿ ಗಡಿಯಾರ ನೋಡಿ ತಿನ್ನಿ, ಹಸಿವಿಗೆ ಕಾಯಬೇಡಿ. ತುಂಬಿದ್ದು ಹೊಟ್ಟೆಗಿಂತ ಮೊದಲು ಬೇರೆ ಕಡೆ ಗೊತ್ತಾಗುತ್ತೆ ಕೆಲವರಿಗೆ: ಬಿಕ್ಕಳಿಕೆ, ಸೀನು, ಇದ್ದಕ್ಕಿದ್ದಂಗೆ ಮೂಗು ಸೋರೋದು, ಎದೆ ಹತ್ರ ಸಣ್ಣ ಒತ್ತಡ. ಅಲ್ಲಿಗೆ ಸ್ಪೂನ್ ಕೆಳಗಿಡಬೇಕು, ಬಟ್ಟಲಲ್ಲಿ ಒಂದೇ ತುತ್ತು ಉಳಿದಿದ್ರೂ ಸರಿ. ಅನ್ನ ಬಿಸಾಕಬಾರ್ದು ಅಂತ ಬೆಳೆಸಿದ ಮನೆಯವ್ರಿಗೆ ಇದು ಎಲ್ಲಕ್ಕಿಂತ ಕಷ್ಟ, ನಂಗೊತ್ತು, ಅದಕ್ಕೇ ಬಡಿಸ್ಕೊಳ್ಳುವಾಗ್ಲೇ 3-4 ಟೇಬಲ್‌ಸ್ಪೂನ್ ಅಷ್ಟೇ ಹಾಕ್ಕೊಳ್ಳಿ.

ಅಷ್ಟನ್ನ 20-30 ನಿಮಿಷ ತಿನ್ನಿ, ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ. ಊಟದ ಜೊತೆ ನೀರು, ಮಜ್ಜಿಗೆ ಯಾವ್ದೂ ಬೇಡ, ಊಟ ಆಗಿ ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡೀರಿ. ದಿನಕ್ಕೆ ಒಂದೂವರೆ ಲೀಟರ್ ಆದ್ರೂ ಒಳಗೆ ಹೋಗ್ಲಿ.

ತುಂಬಾ ಜನ ತಪ್ಪೋದು ಪ್ರೋಟೀನ್‌ನಲ್ಲಿ. ಸಾಮಾನ್ಯವಾಗಿ ದಿನಕ್ಕೆ 60 ಗ್ರಾಂ ಮೇಲೆ ಬೇಕು ಅಂತೀವಿ. ಒಂದು ಮೊಟ್ಟೆಲಿ ಸುಮಾರು 6 ಗ್ರಾಂ, 100 ಗ್ರಾಂ ಪನ್ನೀರಲ್ಲಿ 18ರ ಹತ್ರ, ಬೆಂದ ಬೇಳೆ 100 ಗ್ರಾಂಗೆ ಬರೀ 7. ಲೆಕ್ಕ ಹಾಕಿ, ಅಂಬ್ಲಿಲಿ ಇದು ಆಗಲ್ಲ. ಅಂಬ್ಲಿ ಕೆಟ್ಟದ್ದಲ್ಲ, ಆದ್ರೆ ಇರೋ ಚೂರು ಜಾಗ ಅದೇ ತುಂಬ್ಕೊಂಡ್ರೆ ಬೇರೇದಕ್ಕೆ ಜಾಗ ಎಲ್ಲಿ? ಬಟ್ಟಲಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ. ಸದ್ಯಕ್ಕೆ ಪ್ರೋಟೀನ್ ಪೌಡರ್ ನಿಲ್ಲಿಸಬೇಡಿ, ಬಿ12, ಐರನ್, ಕ್ಯಾಲ್ಸಿಯಂ ಮಾತ್ರೆಗಳನ್ನೂ ನಿಲ್ಲಿಸಬೇಡಿ (ಐರನ್ ಮತ್ತೆ ಕ್ಯಾಲ್ಸಿಯಂ ಮಧ್ಯೆ ಎರಡು ಗಂಟೆ ಗ್ಯಾಪ್).

ಇಷ್ಟು ಮಾತ್ರ ಸೀರಿಯಸ್ ಆಗಿ ತಗೊಳ್ಳಿ: ಜ್ವರ, ಸುಮ್ನೆ ಕೂತಾಗ್ಲೂ ಹಾರ್ಟ್‌ಬೀಟ್ 120 ದಾಟೋದು, ಬಿಡದ ಹೊಟ್ಟೆನೋವು, ಎಡ ಭುಜದಲ್ಲಿ ನೋವು, ಕುಡಿದ ನೀರೂ ನಿಲ್ಲದೆ ವಾಂತಿ ಆಗೋದು, ಇದ್ರಲ್ಲಿ ಯಾವ್ದಾದ್ರೂ ಇದ್ರೆ ಇಲ್ಲಿ ಪೋಸ್ಟ್ ಹಾಕ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ದಿನಗಟ್ಟಲೆ ವಾಂತಿ ಆದ್ರೆ ಬಿ1 ವಿಟಮಿನ್ ಖಾಲಿ ಆಗಿ ನರಕ್ಕೆ ತೊಂದ್ರೆ ಆಗುತ್ತೆ.

ಧಾರವಾಡ_ಮಂದಿ

ನಂದು ಸ್ಲೀವ್ ಆಗಿ ಒಂದ್ ವರ್ಷ ಆತ್ರಿ. ನಮ್ಮ ಮನ್ಯಾಗ ನಮ್ಮವ್ವ ಇದೇ ಹಠ, ರೊಟ್ಟಿ ಹಾಲಿನ್ಯಾಗ ನೆನಸಿ ಕೊಡ್ತೇನಿ ಅಂತ. ಆಗ್ಲಿಲ್ಲ ನನಗ. ಜ್ವಾಳದ ನುಚ್ಚು ಮಾತ್ರ ಏಳನೇ ವಾರದಾಗ ಇಳೀತು, ಅದೂ ಭಾಳ ತೆಳ್ಳಗ ಕುದಿಸಿದ್ದು. ಒಂದ್ ಐಡಿಯಾ ಹೇಳ್ತೇನಿ, ನಮ್ಮ ಮಗಳಿಗೆ ಉಣಿಸ್ತಿದ್ದ ಸಣ್ಣ ಬೆಳ್ಳಿ ಬಟ್ಟಲ ಚಮಚಾ ಕಪಾಟಿನ್ಯಾಗ ಇತ್ತು, ಅದರಾಗ ಉಣ್ಣಾಕ ಚಾಲೂ ಮಾಡಿದೆ. ದೊಡ್ಡ ಚಮಚಾ ಕೈಯಾಗಿದ್ರ ಬಾಯಿ ತಾನ ದೊಡ್ಡದಾಗಿ ತೆರೀತೈತ್ರಿ.

ಕುಡ್ಲ_ಬೈಪಾಸ್

ನನ್ನದು ಸ್ಲೀವ್ ಅಲ್ಲ, ಗ್ಯಾಸ್ಟ್ರಿಕ್ ಬೈಪಾಸ್ (ಹಾರ್ಟಿಂದಲ್ಲ, ಹೊಟ್ಟೆಯ ಸಣ್ಣ ಭಾಗವನ್ನು ಸೀದಾ ಕರುಳಿಗೆ ಜೋಡಿಸೋದು). ನಮ್ಮ ಕಡೆ ಕುಚ್ಚಲಕ್ಕಿ ಗಂಜಿ ಅಂದ್ರೆ ಹುಷಾರಿಲ್ಲದವರ ಊಟ ಅಲ್ವಾ, ನಾನು ಅದೇ ಸೇಫ್ ಅಂತ ಅಂದ್ಕೊಂಡಿದ್ದೆ ಮಾರಾಯ್ರೆ, ತಿಳಿ ಓಕೆ, ಅಗಳು ಮಾತ್ರ ಸರಿ ಹೋಗ್ಲಿಲ್ಲ. ಚೆನ್ನಾಗಿ ಹೋದದ್ದು ಮೀನು. ಬೇಯಿಸಿ ಮುಳ್ಳು ಒಂದೂ ಬಿಡದೆ ತೆಗೆದು, ಖಾರ ಇಲ್ಲದ ರಸದಲ್ಲಿ ಹಿಸುಕಿದ್ದು. ಕೋಳಿಗಿಂತ ಎಷ್ಟೋ ಸುಲಭ, ಕೋಳಿ ಒಣಗಿ ನಾರು ನಾರಾಗ್ತದೆ.

ಬೈಪಾಸ್‌ನವರು ಯಾರಾದ್ರೂ ಓದ್ತಿದ್ರೆ: ಪಾಯಸ ಮುಟ್ಟಬೇಡಿ. ಚೌತಿಗೆ ನಾಲ್ಕು ಚಮಚ ತಿಂದೆ, ಕಾಲು ಗಂಟೆಯಲ್ಲಿ ಎದೆ ಡವಡವ, ಬೆವರು, ಹೊಟ್ಟೆ ನುಲಿದದ್ದು, ಸತ್ತೇ ಹೋಗ್ತೇನೆ ಅಂತ ಆಯ್ತು. ಡಂಪಿಂಗ್ ಅಂತ ಹೇಳ್ತಾರೆ ಅದಕ್ಕೆ, ಸಕ್ಕರೆ ಸೀದಾ ಕರುಳಿಗೆ ಹೋಗಿ ನೀರು ಎಳ್ಕೊಳ್ತದೆ.

ಮದ್ದೂರ್_ಸೊಸೆ

ಎಲ್ರಿಗೂ ಥ್ಯಾಂಕ್ಸ್. ಆಸ್ಪತ್ರೆಗೆ ಫೋನ್ ಮಾಡಿದ್ದೆ, ಎರಡು ದಿನ ಮತ್ತೆ ನುಣ್ಣಗಿರೋದೇ ತಿಂದು ಆಮೇಲೆ ತೊವ್ವೆಯಿಂದ ಶುರು ಮಾಡಿ ಅಂದ್ರು. ಇವತ್ತು ಮಧ್ಯಾಹ್ನ ತೊವ್ವೆ ಮೂರು ಸ್ಪೂನ್, ಕಟ್ಟಿದ ಮೊಸರು ಒಂದು ಸ್ಪೂನ್, 25 ನಿಮಿಷ ಆಯ್ತು. ನೊರೆ ಬರ್ಲಿಲ್ಲ. ಕೊನೇ ಸ್ಪೂನ್ ತಗೊಳ್ಳೋ ಹೊತ್ತಿಗೆ ಪಟ್ ಅಂತ ಸೀನು ಬಂತು, ಡಯಟ್ ಅಕ್ಕ ಹೇಳಿದ್ದು ನೆನಪಾಗಿ ನಗು ಬಂದು ಅಲ್ಲೇ ಬಟ್ಟಲು ಇಟ್ಬಿಟ್ಟೆ.

ಅತ್ತೆಗೆ ಹಾಸನದವರ ಮುದ್ದೆ ಕಥೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ "ಹಂಗಾದ್ರೆ ಮಗು ಚಿಕ್ಕದಿದ್ದಾಗ ಮಾಡ್ತಿದ್ದ ರಾಗಿ ಸರಿ ಗಂಜಿ ಆಗುತ್ತಾ ಕೇಳು" ಅಂತಿದಾರೆ. ಆಗುತ್ತಾ?

ಡಯಟ್_ಅಕ್ಕ

ಆಗುತ್ತೆ, ತೆಳ್ಳಗೆ, ಹಾಲಲ್ಲಿ ಬೇಯಿಸಿ, ಬೆಲ್ಲ ಹಾಕ್ದೆ. ಆರಿದ್ಮೇಲೆ ಒಂದೆರಡು ಸ್ಪೂನ್ ಪ್ರೋಟೀನ್ ಪೌಡರ್ ಕಲಸಿ. ಅತ್ತೆಯವ್ರಿಗೆ ನಂದೊಂದು ನಮಸ್ಕಾರ ಹೇಳಿ.