ಎಲ್ಫ್‌ಗಳು ಬಂದವೋ, ಎಲ್ಫರು ಬಂದರೋ?

ಪದಚರ್ಚೆಯ ಗೆಳೆಯರೆಲ್ಲರಿಗೂ ನಮಸ್ಕಾರ.

ಇಂಗ್ಲಿಷ್ ಲೇಖಕ ಟೋಲ್ಕೀನ್ ಅವರ ಬೆರೆನ್ ಮತ್ತು ಲೂಥಿಯೆನ್ ಕತೆಯನ್ನು ಕನ್ನಡದಲ್ಲಿ ಹೇಳಲು ಹೊರಟಿದ್ದೇನೆ. ಅದರಲ್ಲಿ ಪುಟಪುಟಕ್ಕೂ ಬರುವ ಎಲ್ಫ್ (ಮುಪ್ಪಿಲ್ಲದ ಒಂದು ಜನ) ಎಂಬ ಪದಕ್ಕೇ ಏನು ಹಾಕಬೇಕೋ ತಿಳಿಯುತ್ತಿಲ್ಲ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಡೋರಿಯಾತ್ ಎಂಬ ಕಾಡುನಾಡಿನ ಎಲ್ಫ್ ದೊರೆ ಥಿಂಗೋಲ್. ಅವನ ಮಗಳು ಲೂಥಿಯೆನ್. ಬೆರೆನ್ ಎಂಬ ಮನುಷ್ಯನಿಗೂ ಅವಳಿಗೂ ಪ್ರೀತಿಯಾಗುತ್ತದೆ. ಅಪ್ಪ ಒಪ್ಪುವುದಿಲ್ಲ. ಮಗಳು ಬೇಕಿದ್ದರೆ ಕೇಡಿನ ಒಡೆಯ ಮೋರ್ಗೋತ್‌ನ ಕಿರೀಟದಿಂದ ಸಿಲ್ಮರಿಲ್ ಮಣಿ ಕಿತ್ತು ತಾ ಅನ್ನುತ್ತಾನೆ. ಹೋದವನು ವಾಪಸ್ ಬರಬಾರದು ಅಂತಲೇ ಆಡಿದ ಮಾತು ಅದು. ಮಗಳು ಹಿಂದೆ ಓಡದಿರಲಿ ಎಂದು ಎತ್ತರದ ಮರದ ಮೇಲೆ ಮನೆ ಕಟ್ಟಿಸಿ ಕೂಡಿಹಾಕುತ್ತಾನೆ. ಅವಳು ಮಂತ್ರದಿಂದ ಕೂದಲು ಬೆಳೆಸಿಕೊಂಡು, ಅದರಿಂದಲೇ ಹಗ್ಗ ಹೊಸೆದು ಇಳಿದು ಹೋಗುತ್ತಾಳೆ.

ಈ ಪ್ರೀತಿಗೆ ಅಡ್ಡಿ ಬರೀ ಅಪ್ಪನ ಸಿಟ್ಟಲ್ಲ. ಎಲ್ಫರಿಗೆ ಮುಪ್ಪಿಲ್ಲ. ಕೊಲೆಯಾದರೂ ಅವರ ಜೀವ ಈ ಲೋಕ ಬಿಟ್ಟು ಹೋಗುವುದಿಲ್ಲ. ಮನುಷ್ಯ ಸತ್ತರೆ ಲೋಕದಿಂದಲೇ ಹೊರಗೆ. ಕೊನೆಗೆ ಲೂಥಿಯೆನ್ ಮನುಷ್ಯರ ಸಾವನ್ನೇ ಆರಿಸಿಕೊಳ್ಳುತ್ತಾಳೆ. 1971ರಲ್ಲಿ ಹೆಂಡತಿ ಈಡಿತ್ ತೀರಿಕೊಂಡಾಗ ಟೋಲ್ಕೀನ್ ಆಕೆಯ ಸಮಾಧಿಕಲ್ಲಿನ ಮೇಲೆ ಲೂಥಿಯೆನ್ ಎಂಬ ಹೆಸರನ್ನು ಕೆತ್ತಿಸಿದರು. ಇಷ್ಟು ಜೀವ ತುಂಬಿ ಬರೆದ ಕತೆಗೆ ಸುಮ್ನೆ ಯಾವುದೋ ಒಂದು ಪದ ಹಾಕಲು ಮನಸ್ಸು ಬರುವುದಿಲ್ಲ.

ಮೊದಲು ನೆನಪಾಗುವುದು ಕಿನ್ನರ. ಆದರೆ ಕಿನ್ನರಿ ಎಂದರೆ ಮಕ್ಕಳ ಕತೆಯ ರೆಕ್ಕೆಯ ಪುಟ್ಟ ಹುಡುಗಿ ಕಣ್ಣಿಗೆ ಬರುತ್ತಾಳೆ. ಪುರಾಣದ ಕಿನ್ನರನಿಗೋ ಕುದುರೆಯ ಮುಖ. ಯಕ್ಷ ಎಂದರೆ ಕುಬೇರನ ಕಾವಲುಗಾರ. ಇವೆರಡನ್ನೂ ಬಿಟ್ಟೆ.

ಗಂಧರ್ವ ಬಿಡುವುದು ಮಾತ್ರ ಕಷ್ಟ. ಲೂಥಿಯೆನ್‌ಳ ಶಕ್ತಿಯೆಲ್ಲ ಹಾಡಿನಲ್ಲಿದೆ. ಮೋರ್ಗೋತ್‌ನನ್ನು ಹಾಡಿ ಮಲಗಿಸುತ್ತಾಳೆ, ಸತ್ತವರನ್ನು ಕಾಯುವ ಮಾಂಡೋಸ್‌ನ ಮನಸ್ಸನ್ನೂ ಹಾಡಿ ಕರಗಿಸುತ್ತಾಳೆ. ಗಂಧರ್ವ ಎಂದರೆ ಸಾಕು, ಕನ್ನಡಿಗರಿಗೆ ಹಾಡು ಕೇಳಿಸುತ್ತದೆ. ಆದರೆ ಬೆನ್ನಿಗೇ ಗಾಂಧರ್ವ ವಿವಾಹವೂ ಬರುತ್ತದೆ. ಶಕುಂತಲೆ, ದುಷ್ಯಂತ, ಹಿರಿಯರನ್ನು ಕೇಳದ ಮದುವೆ. ಇಲ್ಲಿ ಅದು ಪೂರಾ ಉಲ್ಟಾ. ಕಾಡಲ್ಲೇ ಅಲೆದುಕೊಂಡು ಜೊತೆಗಿರೋಣ ಅನ್ನಲು ಲೂಥಿಯೆನ್ ಸಿದ್ಧ. ಅವಳಪ್ಪನಿಗೆ ಕೊಟ್ಟ ಮಾತು ತೀರಿಸದೆ ಆಗದು ಅನ್ನುವವನು ಬೆರೆನ್.

ಜೈನ ಕಾವ್ಯಗಳ ವಿದ್ಯಾಧರರು ಇನ್ನೂ ಹತ್ತಿರ. ಅವರಿಗೆ ರಾಜ್ಯವಿದೆ, ಊರಿದೆ. ಪಂಪನ ಆದಿಪುರಾಣದ ಮಹಾಬಲ ಅಳಕಾಪುರದ ವಿದ್ಯಾಧರ ದೊರೆ. ಆದರೆ ಅವರಿಗೆ ಸಾವೂ ಇದೆ. ಖೇಚರ ಎಂದೂ ಅವರನ್ನು ಕರೆಯುತ್ತಾರೆ, ಅಂದರೆ ಆಕಾಶದಲ್ಲಿ ಓಡಾಡುವವರು. ನನಗೆ ತೊಡಕು ಇಲ್ಲೇ. ನಮ್ಮ ಇಂಥ ಪದಗಳೆಲ್ಲ ಮೇಲಿಂದ ಇಳಿದು ಬಂದವರನ್ನು ಹೇಳುತ್ತವೆ. ಊರ್ವಶಿ ಪುರೂರವನನ್ನು ಬಿಟ್ಟು ತನ್ನ ಲೋಕಕ್ಕೆ ಹೋಗುತ್ತಾಳೆ. ಅಪ್ಸರೆ, ಗಂಧರ್ವ ಎಂದು ಓದಿದವರು ಲೂಥಿಯೆನ್ ಕೂಡ ಹಾಗೇ ಹೋಗುತ್ತಾಳೆ ಎಂದು ಮೊದಲೇ ಕಾಯುತ್ತಾರೆ, ಅಲ್ವಾ? ಎಲ್ಫರು ಈ ಮಣ್ಣಿನವರು. ಅವರಿಗೆ ವಾಪಸ್ ಹೋಗಲು ಸ್ವರ್ಗವಿಲ್ಲ.

ಭಾಷಾಂತರ ಮಾಡುವವರಿಗೆಂದು ಟೋಲ್ಕೀನ್ ಬರೆದಿಟ್ಟ ಟಿಪ್ಪಣಿ 1975ರಲ್ಲಿ ಅಚ್ಚಾಯಿತು. ಜರ್ಮನ್‌ನಲ್ಲಿ ಎಲ್ಫ್ ಎಂದರೆ ಪುಟಾಣಿ ದೇವತೆಗಳ ವಾಸನೆ ಬರುತ್ತದೆ, ಹಳೆಯ ಆಲ್ಬ್ ಎಂಬ ರೂಪ ಆಗಬಹುದೇ ನೋಡಿ ಅನ್ನುತ್ತಾರೆ. ಜರ್ಮನ್ ಅನುವಾದದಲ್ಲಿ ಅವರು ಎಲ್ಬೆನ್ ಆದರು. ನಮಗೆ ಹಾಗೆ ಅಗೆದು ತೆಗೆಯಲು ಬೇರು ಇಲ್ಲ.

ಹಾಗಾಗಿ ಎಲ್ಫ್ ಅನ್ನೇ ಇಟ್ಟುಕೊಳ್ಳುವ ಕಡೆಗೆ ನನ್ನ ಒಲವು. ಆದರೆ ಕನ್ನಡದ ವ್ಯಾಕರಣ ಸುಮ್ಮನೆ ಬಿಡುವುದಿಲ್ಲ. 'ಎಲ್ಫ್‌ಗಳು ಬಂದವು' ಎಂದು ಬರೆದರೆ ದೆವ್ವಗಳು ಬಂದ ಹಾಗೆ, ದನಗಳು ಬಂದ ಹಾಗೆ. 'ಎಲ್ಫರು ಬಂದರು' ಎಂದ ಕೂಡಲೇ ಅವರಿಗೊಂದು ಮನೆ, ಮಾತು, ಮರ್ಯಾದೆ ಬರುತ್ತದೆ. ಅಂತರ್ಜಾಲದಲ್ಲಿ ಮೊದಲನೆಯದೂ ಕಾಣುತ್ತದೆ. ನನಗೆ ಅದು ತಪ್ಪೆಂದೇ ಅನಿಸುತ್ತದೆ. ಏಕವಚನ 'ಎಲ್ಫ' ಮಾಡಬಹುದು. ಹೆಣ್ಣಿಗೆ? ಯಕ್ಷಿ, ಕಿನ್ನರಿಯಂತೆ 'ಎಲ್ಫಿ' ಎಂದರೆ ಕಿವಿಗೆ ಹಗುರ. 'ಎಲ್ಫ್ ಹೆಣ್ಣು' ಉದ್ದವಾದರೂ ತೂಕವಿದೆ.

ಥಿಂಗೋಲ್ ಬೆರೆನ್‌ನನ್ನು ಹೀಗಳೆಯುವಾಗ ಮಾತ್ರ ಕನ್ನಡ ತಾನಾಗಿಯೇ ಒದಗಿತು: 'ಹುಲುಮಾನವ'. ಆ ಒಂದೇ ಪದದಲ್ಲಿ ಸಾವೂ ಇದೆ, ತಿರಸ್ಕಾರವೂ ಇದೆ.

ಈಗ ನನ್ನ ಪ್ರಶ್ನೆಗಳು. ದೇವರೂ ಅಲ್ಲದ, ದೆವ್ವವೂ ಅಲ್ಲದ, ಕಾಡಿನಲ್ಲೇ ನೆಲೆಸಿದ ಮುಪ್ಪಿಲ್ಲದ ಜನ ನಿಮ್ಮ ಕಡೆಯ ಕತೆಗಳಲ್ಲಿ ಇದ್ದಾರೆಯೇ? ಅವರಿಗೆ ಏನನ್ನುತ್ತೀರಿ? ಮಲೆನಾಡು, ಕೊಡಗು, ಕರಾವಳಿಯವರು ದಯವಿಟ್ಟು ಹೇಳಿ. ಹೆಣ್ಣಿಗೆ ಮೇಲಿನ ಎರಡರಲ್ಲಿ ಯಾವುದು ಸರಿ? ಕೊನೆಯದಾಗಿ, ಆ ಸಿಲ್ಮರಿಲ್ ಮಣಿಯನ್ನು ಮಗಳಿಗೆ ಕೇಳಿದ 'ತೆರ' ಎಂದು ಬರೆದಿದ್ದೇನೆ. ಗಂಡಿನ ಕಡೆಯವರು ಹೆಣ್ಣಿನ ಅಪ್ಪನಿಗೆ ಕೊಡುವುದಕ್ಕೆ ಆ ಮಾತು ಈಗಲೂ ನಿಮ್ಮಲ್ಲಿ ಬಳಕೆಯಲ್ಲಿದೆಯೇ, ಇಲ್ಲ 'ಪಣ' ಎಂದರೇ ಓದುಗರಿಗೆ ಬೇಗ ಹತ್ತುತ್ತದೆಯೇ?