‘ಲೋ ಲೆವೆಲ್ ಜೆಟ್’ ಎಂಬುದಕ್ಕೆ ‘ಕೆಳಸ್ತರದ ವಾಯುಧಾರೆ’ ಸರಿಹೋದೀತೇ?

ಮಾನ್ಯರೇ,

ಪ್ರೌಢಶಾಲೆಯ ಮಕ್ಕಳಿಗಾಗಿ ಮುಂಗಾರಿನ ಕುರಿತು ಬರೆಯುತ್ತಿರುವ ಲೇಖನದಲ್ಲಿ, ಹವಾಮಾನ ತಜ್ಞರು ‘ಲೋ ಲೆವೆಲ್ ಜೆಟ್’ ಎನ್ನುವ ಗಾಳಿಗೆ ಯಾವ ಹೆಸರು ಬಳಸಬೇಕೆಂದು ತಿಳಿಯಬೇಕಾಗಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದಕ್ಷಿಣ ಹಿಂದೂ ಮಹಾಸಾಗರದ ಮಸ್ಕರೇನ್ ದ್ವೀಪಗಳ ಬಳಿಯ ಅಧಿಕ ಒತ್ತಡದ ವಲಯದಿಂದ ಹೊರಟ ಗಾಳಿಯು ಕೀನ್ಯಾ, ಇಥಿಯೋಪಿಯಗಳ ಎತ್ತರದ ನೆಲ ಅಡ್ಡವಾಗುವುದರಿಂದ ಪಶ್ಚಿಮಕ್ಕೆ ಹರಡಲಾರದೆ, ಸೊಮಾಲಿಯದ ಕರಾವಳಿಗುಂಟ ಒತ್ತಾಗಿ ನುಗ್ಗಿ, ಸಮಭಾಜಕ ವೃತ್ತವನ್ನು ದಾಟಿ ಬಲಕ್ಕೆ ಹೊರಳಿ, ಅರಬ್ಬೀ ಸಮುದ್ರದ ಮೇಲೆ ಹಾದು ನಮ್ಮತ್ತ ಬರುತ್ತದೆ. ಪರ್ಯಾಯ ದ್ವೀಪದ ಮೇಲೆ ಇದು ಇರುವುದನ್ನು ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ 1966ರಲ್ಲಿ ತೋರಿಸಿದರು. ಆಫ್ರಿಕದ ಕಡೆಯ ಹರಿವನ್ನು ಜಾನ್ ಫಿಂಡ್ಲೇಟರ್ 1969ರಲ್ಲಿ ವಿವರಿಸಿದರು. ಇದರ ವೇಗ ಹೆಚ್ಚಿರುವುದು ಸುಮಾರು ಒಂದರಿಂದ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ. ಪಶ್ಚಿಮ ಘಟ್ಟದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ ತೇವ ಹೊತ್ತ ಗಾಳಿ ನೇರವಾಗಿ ಘಟ್ಟಕ್ಕೆ ಬಡಿದು ಮೇಲೇರಿ, ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಸುತ್ತದೆ. ಘಟ್ಟ ಇಳಿದ ಮೇಲೆ ತೇವ ಕಳೆದುಕೊಂಡರೂ ಬೀಸು ಉಳಿದಿರುತ್ತದೆ. ಆಷಾಢದಲ್ಲಿ ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವುದು ಇದರಿಂದಲೇ.

ಆದ್ದರಿಂದ ಹೆಸರಿನಲ್ಲಿ ಎತ್ತರದ ಸೂಚನೆ ಇರಲೇಬೇಕು. ಬರಿಯ ‘ಜೆಟ್’ ಎಂದರೆ, ಅದೇ ಕಾಲದಲ್ಲಿ ಸುಮಾರು 14 ಕಿಲೋಮೀಟರ್ ಮೇಲೆ ಪೂರ್ವದಿಂದ ಬೀಸುವ ಇನ್ನೊಂದು ಗಾಳಿಯೊಡನೆ ಗೊಂದಲವಾಗುತ್ತದೆ. ‘ಕೆಳಮಟ್ಟದ’ ಎಂದರೆ ಕೀಳು ಎಂಬ ಅರ್ಥ ಇಣುಕುತ್ತದೆ. ‘ಪ್ರವಾಹ’ ಎಂದೊಡನೆ ಪತ್ರಿಕೆ ಓದುವವರಿಗೆ ನೆರೆ ನೆನಪಾಗುತ್ತದೆ. ‘ಬಿರುಗಾಳಿ’ ಎದ್ದು ಅಡಗುವಂಥದ್ದು; ಇದು ತಿಂಗಳುಗಟ್ಟಲೆ ಹರಿಯುವಂಥದ್ದು. ‘ಪಡುವಣ ಗಾಳಿ’ ನಮಗೆ ಒಪ್ಪುತ್ತದೆ, ಆದರೆ ಸೊಮಾಲಿಯದವರಿಗೆ ಇದು ತೆಂಕಣ ದಿಕ್ಕಿನಿಂದ ಬರುವ ಗಾಳಿ.

‘ಧಾರೆ’ ನನಗೆ ಮೆಚ್ಚುಗೆಯಾಗಲು ಕಾರಣ ಅದರೊಡನೆ ಬರುವ ಕ್ರಿಯಾಪದಗಳು. ಮುಂಗಾರು ಚುರುಕಾಗಿರುವಾಗ ಈ ಗಾಳಿಯ ನಡುಭಾಗ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಎಂದರೆ ಕಾರವಾರದ ಆಸುಪಾಸಿನ ನೇರಕ್ಕೆ ಇರುತ್ತದೆ. ಮಳೆ ಬಿಡುವು ಕೊಟ್ಟಾಗ ಭಾರತದ ದಕ್ಷಿಣ ತುದಿಯಾಚೆಗೆ ಜರುಗುತ್ತದೆ. ‘ಧಾರೆ ಬಲಿಯಿತು’, ‘ಧಾರೆ ತೆಂಕಕ್ಕೆ ಸರಿಯಿತು’ ಎಂದು ಬರೆದರೆ ಮಕ್ಕಳಿಗೂ ಅರ್ಥವಾಗುತ್ತದೆ. ‘ಗಾಳಿಹೊನಲು’ ಎಂಬುದೂ ಮನಸ್ಸಿನಲ್ಲಿದೆ, ಆದರೆ ‘ಕೆಳಸ್ತರ’ದೊಡನೆ ಅದು ಹೊಂದುವುದಿಲ್ಲ.

ಎಡೆಬಿಡದೆ ಒಂದೇ ದಿಕ್ಕಿಗೆ ಬೀಸುವ ಆಷಾಢದ ಗಾಳಿಗೆ, ಬಿರುಗಾಳಿಯಿಂದ ಬೇರ್ಪಡಿಸಿ ಹೇಳುವ ಮಾತು ಕರಾವಳಿಯ ಮೀನುಗಾರರಲ್ಲಾಗಲಿ ಬಯಲುಸೀಮೆಯ ರೈತರಲ್ಲಾಗಲಿ ಇದ್ದರೆ, ಊರಿನ ಹೆಸರಿನೊಂದಿಗೆ ದಯವಿಟ್ಟು ತಿಳಿಸಿ.