ಹಳೆಯ ಫಿಯಟ್‌ನ ಮೊದಲ ಮಾಲೀಕರನ್ನು ಹುಡುಕುವುದು ಹೇಗೆ?

ಪ್ರಶ್ನೆ (ಗದಗ): ಬೆಟಗೇರಿಯ ಹಿತ್ತಲೊಂದರಲ್ಲಿ ಬಹುಕಾಲ ನಿಂತಿದ್ದ ಫಿಯಟ್ 1100 ಕಾರನ್ನು ಕೊಂಡಿದ್ದೇನೆ. ಆರ್‌ಸಿ ಪುಸ್ತಕದ ಮೊದಲೆರಡು ಹಾಳೆಗಳನ್ನು ಗೆದ್ದಲು ತಿಂದಿರುವುದರಿಂದ, ಯಾರ ಮನೆಯ ಅಂಗಳಕ್ಕೆ ಇದು ಮೊದಲು ಬಂದಿತೆಂದು ತಿಳಿಯುತ್ತಿಲ್ಲ. ಅದನ್ನು ತಿಳಿಯಲೇಬೇಕೆಂಬ ಹಂಬಲ ನನ್ನದು.

ಉತ್ತರ (ಧಾರವಾಡ): 1997ರವರೆಗೆ ಗದಗ ಧಾರವಾಡ ಜಿಲ್ಲೆಯಲ್ಲೇ ಇತ್ತು, ಆದ್ದರಿಂದ ಹಳೆಯ ನೋಂದಣಿ ದಾಖಲೆಗಾಗಿ ಧಾರವಾಡದ ಆರ್‌ಟಿಒ ಕಚೇರಿಯಲ್ಲಿ ಲಿಖಿತ ಅರ್ಜಿ ಕೊಡಿ. 1956ರ ನವೆಂಬರ್ 1ಕ್ಕಿಂತ ಹಿಂದಿನ ಗಾಡಿಯಾದರೆ, ಆಗ ಈ ಭಾಗ ಮುಂಬಯಿ ರಾಜ್ಯದಲ್ಲಿದ್ದುದರಿಂದ, ಆ ರಾಜ್ಯದ ನೋಂದಣಿ ಸಂಖ್ಯೆಯೂ ಇದ್ದೀತು.

ಉತ್ತರ (ಹುಬ್ಬಳ್ಳಿ): ಎಂಜಿನ್ ಬದಲಾಗಿರಬಹುದು, ಚಾಸಿ (ಗಾಡಿಯ ಚೌಕಟ್ಟು) ಸಂಖ್ಯೆಯನ್ನೇ ನಂಬಿ. ಬಾನೆಟ್ ಎತ್ತಿ, ಜಿಡ್ಡನ್ನು ಸೀಮೆಎಣ್ಣೆಯಿಂದ ಒರೆಸಿ, ತೆಳುಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಒಂದೊಂದಾಗಿ ಮೂಡುತ್ತವೆ. ಉಳಿದ ಹಾಳೆಗಳಲ್ಲಿನ ಮಾಲೀಕತ್ವ ವರ್ಗಾವಣೆಯ ಮುದ್ರೆಗಳನ್ನು ಕೊನೆಯಿಂದ ಹಿಂದಕ್ಕೆ ಓದುತ್ತ, ಆ ಮನೆಗಳ ಹಿರಿಯರನ್ನು ಖುದ್ದಾಗಿ ಕಾಣಿರಿ.

ಪ್ರಶ್ನಿಸಿದವರು: ಧನ್ಯವಾದಗಳು. ಸೋಮವಾರವೇ ಅರ್ಜಿ ಕೊಡುತ್ತೇನೆ.